ಆರು ಚಮಚ, ಒಂದು ಕಾಗಳಸಿ

ಬೇರೆಯವರ ಮನೆಯಲ್ಲಿ ಕದಿಯುವವನಿಗೆ ಒಂದು ಅನುಕೂಲವಿದೆ. ಕದ್ದ ಮೇಲೆ ಅವನು ಅಲ್ಲಿಂದ ಹೊರಟುಹೋಗಬಹುದು. ಸ್ವಂತ ಮನೆಯಲ್ಲೇ ಕದ್ದವನಿಗೆ ಆ ಭಾಗ್ಯವಿಲ್ಲ. ಅವನು ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು, ಕಳೆದುಹೋದ ವಸ್ತುವನ್ನು ಹೆಂಡತಿಯ ಜೊತೆ ಸೇರಿ ತಾನೂ ಹುಡುಕಬೇಕು. ನಾನು ಹುಡುಕಿದ್ದೇನೆ. ಫ್ರಿಜ್ಜಿನ ಹಿಂದೆ ಟಾರ್ಚು ಬಿಟ್ಟು, ಮಂಡಿಯೂರಿ, "ಇಲ್ಲೂ ಇಲ್ವಲ್ಲ ಮಾರಾಯ್ತಿ" ಎಂದು ಬಲು ಬೇಸರದಿಂದ ಹೇಳಿದ್ದೇನೆ. ಕಳೆದದ್ದು ಆರು ಸ್ಟೀಲ್ ಚಮಚ. ಕದ್ದವನು ನಾನು. ಹೊನ್ನಾವರದ ಒಂದು ಸಹಕಾರಿ ಸಂಘದಲ್ಲಿ ಇಪ್ಪತ್ತು ವರ್ಷದಿಂದ ಗುಮಾಸ್ತನಾಗಿದ್ದು, ಅಲ್ಲಿಂದ ಒಂದು ಗುಂಡುಸೂಜಿಯನ್ನೂ ಮನೆಗೆ ತಾರದ ನಾನು ಚಮಚಕ್ಕೆ ಕೈಹಾಕಿದ್ದೇಕೆ ಎಂಬುದನ್ನು ಹೇಳಲೇಬೇಕು. ಇಲ್ಲದಿದ್ದರೆ ನೀವು ನನ್ನನ್ನು ಸಾಮಾನ್ಯ ಕಳ್ಳನೆಂದು ತಿಳಿದುಬಿಡುತ್ತೀರಿ.

ನನ್ನ ಹೆಂಡತಿ ಸುಮನಾಳ ತವರು ಭಟ್ಕಳದ ತೆಂಗಿನಗುಂಡಿ. ಅಲ್ಲಿಯ ಮಕ್ಕಳು ನಡೆಯಲು ಕಲಿಯುವ ಮೊದಲೇ ಗಾಳ ಹಾಕಲು ಕಲಿಯುತ್ತಾರೆಂದು ನನ್ನ ಅತ್ತೆ ದೇವಮ್ಮನವರು ಹೇಳುತ್ತಾರೆ, ನಾನು ನಂಬುತ್ತೇನೆ. ನಮ್ಮದೂ ಮೀನುಗಾರರ ಕುಲವೇ. ಆದರೆ ಅಪ್ಪ ಕುಮಟಾದ ಸರ್ಕಾರಿ ಕಚೇರಿಯಲ್ಲಿ ಕುರ್ಚಿ ಹಿಡಿದು ಕೂತದ್ದರಿಂದ ನಾವು ಮೀನನ್ನು ಕಂಡದ್ದು ಪೇಟೆಯ ಬುಟ್ಟಿಯಲ್ಲಿ ಮತ್ತು ಊಟದ ತಾಟಿನಲ್ಲಿ ಮಾತ್ರ. ಪ್ರತಿವರ್ಷ ಡಿಸೆಂಬರಿನ ರಜೆಯಲ್ಲಿ, ಬೆಳಗಿನ ಚಳಿ ಚೆನ್ನಾಗಿ ಕಚ್ಚುವ ದಿನಗಳಲ್ಲಿ, ಅತ್ತೆಮನೆಯವರೆಲ್ಲ ಶರಾವತಿಯ ದಡಕ್ಕೆ ಗಾಳ ಹಾಕಲು ಹೋಗುವುದು ರೂಢಿ. ಮದುವೆಯಾದಾಗಿನಿಂದ ಕಳೆದ ವರ್ಷದವರೆಗೆ ಹನ್ನೊಂದು ಸಲ ಹೋಗಿದ್ದೆ. ಮೊದಲ ವರ್ಷ ನನ್ನ ಗಾಳಕ್ಕೆ ಬಿದ್ದದ್ದು ಸುಮನಾಳ ತಮ್ಮ ಗಣಪತಿಯ ಲುಂಗಿ. ಆಗ ಅದು ಗಣಪತಿಯ ಮೈಮೇಲೆಯೇ ಇತ್ತು. ಉಳಿದ ಹತ್ತು ವರ್ಷ ಅಷ್ಟೂ ಬೀಳಲಿಲ್ಲ.

ಈ ಪ್ರವಾಸಕ್ಕೆ ಅತ್ತೆಯ ಒಂದು ಕಟ್ಟುನಿಟ್ಟಾದ ನಿಯಮವಿದೆ. ಮನೆಯಿಂದ ಅಕ್ಕಿ ಒಯ್ಯಬೇಕು, ಪಾತ್ರೆ ಒಯ್ಯಬೇಕು, ತೆಂಗಿನಕಾಯಿ ಮೆಣಸು ಹಾಕಿ ನುಣ್ಣಗೆ ಅರೆದ ಮಸಾಲೆ ಒಯ್ಯಬೇಕು. ಆದರೆ ಮೀನು ಮಾತ್ರ ಒಯ್ಯಕೂಡದು. ಹೊಳೆಗೆ ಮೀನು ತೆಗೆದುಕೊಂಡು ಹೋದರೆ ಹೊಳೆಗೆ ಸಿಟ್ಟು ಬರುತ್ತದಂತೆ. ಮೀನು ಬೀಳದಿದ್ದರೆ ಬರೀ ಮಸಾಲೆಯ ಸಾರು, ಅನ್ನ. ಬಿದ್ದರೆ ಮೊದಲ ತುಂಡು, ಅಂದರೆ ತಲೆ, ಹಿಡಿದವನಿಗೆ. ಅತ್ತೆ ಬಡಿಸುವಾಗ ಪ್ರತಿವರ್ಷ ನನ್ನ ತಾಟಿನ ಮುಂದೆ ಒಂದು ಗಳಿಗೆ ನಿಂತು, "ಅಳಿಯಂದ್ರಿಗೆ ಬಾಲದ ಬದಿದು ಸಾಕಲ್ದಾ? ಮುಳ್ಳು ಕಮ್ಮಿ" ಎನ್ನುತ್ತಾರೆ. ಅವರ ದನಿಯಲ್ಲಿ ವ್ಯಂಗ್ಯ ಇರುವುದಿಲ್ಲ. ಚಿಕ್ಕ ಮಕ್ಕಳಿಗೆ ಬಡಿಸುವ ಕಾಳಜಿ ಇರುತ್ತದೆ. ಅದೇ ನನ್ನನ್ನು ಕೊಲ್ಲುವುದು.

ಹೀಗಾಗಿ ಈ ವರ್ಷ ಹಠ ತೊಟ್ಟು ಮೊಬೈಲಿನಲ್ಲಿ ವಿಡಿಯೋ ನೋಡಲು ಶುರುಮಾಡಿದೆ. ಯಾವುದೋ ಹಿಮ ಬೀಳುವ ದೇಶ. ಉಣ್ಣೆಯ ಟೊಪ್ಪಿ ಹಾಕಿಕೊಂಡ ಒಂದು ಸಂಸಾರ ಟ್ರೌಟ್ ಎಂಬ ಮೀನು ಹಿಡಿಯಲು ಹೊರಟಿತ್ತು. ಅಪ್ಪ ಒಂದು ಬಗೆಯ ಹುಸಿ ಮೀನು ಕಟ್ಟಿದ, ಅಮ್ಮ ಇನ್ನೊಂದು, ಅಜ್ಜ ಮತ್ತೊಂದು. ಯಾರದು ಮೇಲು ಎಂಬುದೇ ಪಂದ್ಯ. ಗೆದ್ದವನು ಅಜ್ಜ. ಅವನು ಕಟ್ಟಿದ್ದು ಒಂದು ಹಳೆಯ ಚಮಚ! ಹಿಡಿಕೆ ಕತ್ತರಿಸಿ, ಎರಡು ತೂತು ಕೊರೆದು, ಕೊಕ್ಕೆ ಸಿಕ್ಕಿಸಿ ನೀರಿಗೆ ಎಸೆದರೆ ಅದು ಗಾಯಗೊಂಡ ಮರಿಮೀನಿನ ಹಾಗೆ ಓಲಾಡುತ್ತ ಬರುತ್ತಿತ್ತು. ನಾನು ಮೊಬೈಲು ಕೆಳಗಿಟ್ಟು ನೇರ ಅಡುಗೆಮನೆಗೆ ನಡೆದೆ.

ಅಟ್ಟಣಿಗೆಯ ಮೇಲೆ, ನೆಂಟರು ಬಂದಾಗ ಮಾತ್ರ ತೆಗೆಯುವ ಒಂದು ಡಬ್ಬಿಯಲ್ಲಿ ಆರು ಚಮಚಗಳಿದ್ದವು. ಮದುವೆಯಲ್ಲಿ ಅತ್ತೆ ಕೊಟ್ಟದ್ದು. ನಮ್ಮ ಕಡೆ ಪಾತ್ರೆ ಉಡುಗೊರೆ ಕೊಡುವವರು ಅಂಗಡಿಯಲ್ಲೇ ಹೆಸರು ಹೊಡೆಸಿ ಕೊಡುತ್ತಾರೆ, ನಿಮಗೂ ಗೊತ್ತಿರಬಹುದು. ಈ ಚಮಚಗಳ ಹಿಡಿಕೆಯಲ್ಲಿ ಹೂಬಳ್ಳಿ ಇದ್ದುದರಿಂದ ಅಂಗಡಿಯವನು ಬಟ್ಟಲಿನ ಒಳಗೇ ಸಣ್ಣ ಚುಕ್ಕಿಗಳಲ್ಲಿ 'ದೇವಮ್ಮ' ಎಂದು ಹೊಡೆದಿದ್ದ. ಮೀನಿನ ಹೊಟ್ಟೆಗೆ ಹೊಳಪಿದ್ದಂತೆ ಚುಕ್ಕಿಗಳೂ ಹೊಳೆಯುತ್ತವೆ, ಒಳ್ಳೆಯದೇ ಆಯಿತು ಅಂದುಕೊಂಡೆ. ಮೊದಲನೆಯದರ ತೂತು ಓರೆಯಾಯಿತು. ಎರಡನೆಯದು ಗರಗಸಕ್ಕೆ ಸಿಕ್ಕಿ ಸೊಟ್ಟಗಾಯಿತು. ಮೂರನೆಯದು ಬಚ್ಚಲ ಬಕೆಟ್ಟಿನ ಪರೀಕ್ಷೆಯಲ್ಲಿ ಓಲಾಡದೆ ಕಲ್ಲಿನ ಹಾಗೆ ಮುಳುಗಿತು. ನಾಲ್ಕು, ಐದನ್ನು ಏನು ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಆರನೆಯದು ಬಕೆಟ್ಟಿನಲ್ಲಿ ಎಷ್ಟು ಚೆಂದ ಓಲಾಡಿತೆಂದರೆ ನನಗೇ ಅದನ್ನು ಕಚ್ಚೋಣ ಅನ್ನಿಸಿತು.

ತೊಂದರೆ ಶುರುವಾದದ್ದು ಸುಮನಾ ಆ ಡಬ್ಬಿ ತೆರೆದ ದಿನ. ಕಡೆಯ ಸಲ ಅದನ್ನು ತೆಗೆದದ್ದು ದೀಪಾವಳಿಗೆ ಕುಮಟಾದಿಂದ ನನ್ನ ಅಕ್ಕ ಸುಶೀಲಾ ಬಂದಾಗ. ಹೋಗುವಾಗ ಅಕ್ಕನ ಚೀಲದಲ್ಲಿ ಸುಮನಾಳೇ ಚಕ್ಕುಲಿಯ ಡಬ್ಬಿ ತುಂಬಿ ಕಳಿಸಿದ್ದಳು. ಅತ್ತೆ ತೆಂಗಿನಗುಂಡಿಯಿಂದ ಫೋನಿನಲ್ಲೇ ತೀರ್ಪು ಕೊಟ್ಟರು: "ಮತ್ತೆಂತ ಹುಡುಕ್ತೆ? ಚಕ್ಲಿ ಸಂಗ್ತಿಗೇ ಹೋಗ್ಯದೆ." ಸುಮನಾ ಅಕ್ಕನಿಗೆ ಫೋನು ಮಾಡಿ, ತಪ್ಪಿ ಚೀಲದಲ್ಲಿ ಬಂದಿದೆಯೋ ಎಂದು ಕೇಳಿದಳು. ಅಕ್ಕ, "ಬಂದು ನನ್ನ ಚೀಲ ನೀನೇ ನೋಡ್ಕೊ" ಎಂದು ಫೋನಿಟ್ಟಳು. ಅಲ್ಲಿಂದ ಎರಡು ತಿಂಗಳು ನಾದಿನಿ ಅತ್ತಿಗೆಯರಿಗೆ ಮಾತಿಲ್ಲ. ನಾನು ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಫ್ರಿಜ್ಜಿನ ಹಿಂದೆ ಟಾರ್ಚು ಬಿಡುತ್ತಾ ಕಾಲ ತಳ್ಳಿದೆ. ಮೀನೊಂದು ಬಿದ್ದುಬಿಟ್ಟರೆ ಆ ಸಂಭ್ರಮದಲ್ಲಿ ಎಲ್ಲ ಹೇಳಿ ಮುಗಿಸಬಹುದು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಹೇಡಿಗಳು ಯಾವಾಗಲೂ ಇಂಥದೊಂದು ಸಂಭ್ರಮವನ್ನು ಮುಂದೆ ಇಟ್ಟುಕೊಂಡಿರುತ್ತಾರೆ.

ಆ ದಿನ ಬಂತು. ಗೇರುಸೊಪ್ಪದ ದಾರಿಯಲ್ಲಿ ನಾವು ಪ್ರತಿವರ್ಷ ಇಳಿಯುವ ಬಂಡೆಗಲ್ಲಿನ ದಡ. ಹೊಳೆಯ ಮೇಲೆ ಇನ್ನೂ ಮಂಜಿತ್ತು. ಗಣಪತಿ ಒಂದು ಪೆಟ್ಟಿಗೆ ತೆರೆದ. ಭಟ್ಕಳದಲ್ಲಿ ಮೊಬೈಲು ಅಂಗಡಿ ಇಟ್ಟಿರುವ ಅವನು ಎಲ್ಲವನ್ನೂ ಆನ್‌ಲೈನಿನಲ್ಲೇ ತರಿಸುವವನು. ಒಳಗೆ ಎಂಟು ಬಣ್ಣದ ಪ್ಲಾಸ್ಟಿಕ್ ಮೀನುಗಳು, ಕೆಂಪು ಕಣ್ಣಿನವು, ಅಲ್ಲಾಡಿಸಿದರೆ ಹೊಟ್ಟೆಯಲ್ಲಿ ಗಿಲಕಿಯ ಹಾಗೆ ಸದ್ದು. "ಭಾವ, ಈ ಸದ್ದಿಗೆ ಅರ್ಧ ಮೈಲಿಯಿಂದ ಮೀನು ಬತ್ತದೆ" ಎಂದ. ಅತ್ತೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಒದ್ದೆ ಗೋಣಿಯೊಳಗಿಂದ ಜೀವಂತ ಶೆಟ್ಲಿ, ಅಂದರೆ ಸಣ್ಣ ಸಿಗಡಿ, ತೆಗೆದು ಕೊಕ್ಕೆಗೆ ಸಿಕ್ಕಿಸಿದರು. ರಾಡೂ ಇಲ್ಲ ರೀಲೂ ಇಲ್ಲ, ಬಾಟಲಿಗೆ ಸುತ್ತಿದ ದಾರ ಅಷ್ಟೆ. "ಮೀನಿಗೆ ಬೇಕಾದ್ದು ತಿನ್ನೂಕೆ. ಆಟದ ಸಾಮಾನು ತಕಂಡು ಅದೆಂತ ಮಾಡ್ತದೆ?" ಎಂದರು. "ಅಳಿಯಂದ್ರದ್ದು ಎಂತ ಎರೆ?" ನಾನು ಕರ್ಚೀಫಿನಲ್ಲಿ ಸುತ್ತಿದ್ದನ್ನು ಜೇಬಿನಲ್ಲೇ ಒತ್ತಿ ಹಿಡಿದು, "ಚೆನ್ನೈಯಿಂದ ತರಿಸಿದ್ದು" ಎಂದು ದೂರದ ಬಂಡೆಯ ಆಚೆ ಹೋಗಿ ನಿಂತೆ. ಸುಮನಾ ಒಲೆಗೆ ಕಲ್ಲು ಹೂಡುತ್ತಾ, "ಅಷ್ಟು ದೂರ ಎಂತಕ್ರೀ?" ಎಂದಳು. ಏಕಾಂತ ಬೇಕು ಎಂದೆ.

ಒಂದು ತಾಸಿನಲ್ಲಿ ಅತ್ತೆಗೆ ನಾಲ್ಕು ನೊಗಲಿ ಮೀನು ಬಿದ್ದವು. ಗಣಪತಿಯ ಪ್ಲಾಸ್ಟಿಕ್ ಮೀನುಗಳಲ್ಲಿ ಮೂರು ಬಂಡೆಯ ಸಂದಿಗೆ, ಎರಡು ಎದುರಿನ ಮರದ ಕೊಂಬೆಗೆ ಸಿಕ್ಕಿಕೊಂಡವು. ಅವನ ಪೆಟ್ಟಿಗೆ ಬರಿದಾಗುತ್ತ ಬಂದದ್ದನ್ನು ನೋಡಿ ನನಗಾದ ಸುಖವನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ. ನಾನು ಚಮಚವನ್ನು ಎಸೆಯುವುದು, ಸುತ್ತುವುದು, ಎಸೆಯುವುದು, ಸುತ್ತುವುದು. ನಲವತ್ತನೆಯ ಸಲವೋ ಏನೋ, ದಾರ ತಟ್ಟನೆ ನಿಂತಿತು. ಕಲ್ಲಿಗೆ ಸಿಕ್ಕಿತೆಂದು ಎಳೆದೆ. ಕಲ್ಲು ತಿರುಗಿ ಎಳೆಯಿತು.

ಆಗ ನಾನು ಕೂಗಿದ್ದು ಯಾವ ಭಾಷೆಯಲ್ಲಿ ಎಂದು ಇವತ್ತಿಗೂ ಮನೆಯಲ್ಲಿ ಒಮ್ಮತವಿಲ್ಲ. ಮೂವರೂ ಓಡಿಬಂದರು. ನೀರಿನಿಂದ ಒಮ್ಮೆ ಮೇಲೆ ಹಾರಿ ಮತ್ತೆ ಬಿದ್ದದ್ದು ಮೊಳದುದ್ದದ ಕಾಗಳಸಿ. ಮೀನಿನ ರುಚಿ ಬಲ್ಲವರು ಆ ಹೆಸರನ್ನು ಸುಮ್ಮನೆ ಹೇಳುವುದಿಲ್ಲ, ಒಮ್ಮೆ ಬಾಯಿ ಚಪ್ಪರಿಸಿ ಹೇಳುತ್ತಾರೆ. "ಬಿಡ್ಬೇಡಿ ಅಳಿಯಂದ್ರೆ! ದಡಕ್ಕೆ ತನ್ನಿ, ಕೊಕ್ಕೆ ನಾನೇ ಬಿಡ್ಸ್ತೆ" ಎಂದು ಅತ್ತೆ ಸೀರೆ ಎತ್ತಿಕಟ್ಟಿ ನೀರಿಗಿಳಿದರು. ನಮ್ಮಲ್ಲಿ ಯಾರ ಗಾಳಕ್ಕೆ ಬಿದ್ದರೂ ಮೀನಿನ ಬಾಯಿಂದ ಕೊಕ್ಕೆ ತೆಗೆಯುವುದು ಅತ್ತೆಯೇ. ಆ ಬಾಯಲ್ಲಿ ಏನಿದೆ ಎಂಬುದು ಮೀನಿಗೂ ನನಗೂ ಮಾತ್ರ ಗೊತ್ತು. ಮೀನು ಬಂದರೆ ಕಳ್ಳ, ಹೋದರೆ ಹನ್ನೆರಡನೆಯ ವರ್ಷವೂ ಬಾಲದ ತುಂಡು. ಎರಡು ನಿಮಿಷ ಮೀನಿಗೂ ನನಗೂ ಅಲ್ಲ, ನನಗೂ ನನಗೂ ಕುಸ್ತಿ ನಡೆಯಿತು. ಕೊನೆಗೆ ಮೀನು ಬಿಟ್ಟು ಹೋಗಲಿ ಎಂದೇ ದಾರ ಸಡಿಲಿಸಿದೆ. ಗಣಪತಿ, "ಎಂತ ಮಾಡ್ತ್ರಿ ಭಾವ!" ಎಂದು ನನ್ನ ಕೈಯಿಂದ ರಾಡು ಕಸಿದು ಮೀನನ್ನು ಸೀದಾ ಅತ್ತೆಯ ಕಾಲಬುಡಕ್ಕೆ ಎಳೆದು ಹಾಕಿದ.

ಅತ್ತೆ ನಮಗೆ ಬೆನ್ನು ಹಾಕಿ ಬಗ್ಗಿದರು. ಅವರು ಶಾಲೆಗೆ ಹೋದವರಲ್ಲ. ಅವರಿಗೆ ಓದಲು ಬರುವುದು ತಮ್ಮ ಮನೆಯ ಪಾತ್ರೆಗಳ ಮೇಲಿರುವ ಒಂದೇ ಒಂದು ಹೆಸರು. ಮೀನಿನ ಬಾಯೊಳಗೆ ಅದೇ ಹೆಸರಿತ್ತು. ಅವರು ಎಷ್ಟು ಹೊತ್ತು ಬಗ್ಗಿದ್ದರೋ! ಆಮೇಲೆ ಮೆಲ್ಲಗೆ ತಿರುಗಿ ನನ್ನನ್ನು ನೋಡಿದರು. ನಾನು ಬಂಡೆಯನ್ನು ನೋಡಿದೆ. ಅತ್ತೆಯ ತಲೆಯಲ್ಲಿ ಏನು ಓಡಿತೆಂದು ನನಗೆ ಆಮೇಲೆ ಹೊಳೆಯಿತು. ಅಳಿಯ ಕಳ್ಳನಾದರೆ ಚಕ್ಕುಲಿಯ ತೀರ್ಪು ಕೊಟ್ಟವರ ಗತಿ ಏನು? ಕೊಕ್ಕೆ ಬಿಡಿಸಿದ ಕೈ ಸೊಂಟದ ಎಲೆಯಡಿಕೆ ಸಂಚಿಗೆ ಹೋಯಿತು, ಬರಿಗೈ ಹೊರಗೆ ಬಂತು. "ಅಳಿಯಂದ್ರೆ, ಎರೆ ಎಂತ ಹಾಕಿದ್ರಿ? ಶೆಟ್ಲಿ ಅಲ್ದಾ?" ಎಂದರು.

"ಹೌದು, ಶೆಟ್ಲಿ" ಎಂದೆ.

"ಕೇಳ್ದ್ಯಾ ಗಣಪತಿ? ನಿನ್ನ ಗಿಲಕಿನೂ ಬ್ಯಾಡ, ಚೆನ್ನೈದೂ ಬ್ಯಾಡ! ಅಳಿಯಂದ್ರು ಕಡೀಗೆ ನನ್ನ ಶೆಟ್ಲಿನೇ ಹಾಕಿರು!" ಎಂದು ಇಡೀ ಹೊಳೆಗೆ ಕೇಳುವಂತೆ ಸಾರಿದರು. ಎರೆಗಳ ಪಂದ್ಯ ಹೀಗೆ ತೀರ್ಮಾನವಾಯಿತು. ಗಣಪತಿ ನನ್ನನ್ನು ರಾತ್ರೋರಾತ್ರಿ ಪಕ್ಷ ಬದಲಿಸಿದ ಶಾಸಕನನ್ನು ನೋಡುವಂತೆ ನೋಡಿದ.

ಊಟಕ್ಕೆ ಕೂತಾಗ ಅತ್ತೆ ಕಾಗಳಸಿಯ ತಲೆಯನ್ನೇ ನನಗೆ ಬಡಿಸಿದರು. ಹನ್ನೊಂದು ವರ್ಷ ಕಾದ ತಲೆ. ಸುಮನಾ ಎದೆಯುಬ್ಬಿಸಿ ನನ್ನನ್ನು ನೋಡಿ, "ಇಂಥ ಮೀನಿಗೆ ನಿಮ್ಮ ಅಕ್ಕನ್ನ ಕರೀಬೇಕಿತ್ತು. ಆದ್ರೆ ಚಮಚ ಒಯ್ದವ್ಳ ಎದ್ರಿಗೆ ನಾ ಹೇಗೆ ಕೂತು ಉಣ್ಲಿ?" ಎಂದಳು. ಅತ್ತೆ ಥಟ್ಟನೆ, "ಆ ಸುದ್ದಿ ಬಿಡೇ. ಚಮಚ ಅಲ್ದಾ, ಹೋದ್ರೆ ಹೋತು" ಎಂದರು. ಸುಮನಾ ಕಣ್ಣರಳಿಸಿ ತಾಯಿಯನ್ನು ನೋಡಿದಳು. ನಾಚಿಕೆಯಾಯಿತು, ನಿಜವಾದ ನಾಚಿಕೆ. ಒಂದು ಮೀನಿನ ತಲೆಗಾಗಿ ನನ್ನ ಸ್ವಂತ ಅಕ್ಕನನ್ನು ಎರಡು ತಿಂಗಳು ಕಳ್ಳಿ ಮಾಡಿ ಕೂರಿಸಿದ್ದೆ.

ಮರುದಿನ ಒಂದು ಡಬ್ಬಿಯಲ್ಲಿ ಉಳಿದ ಸಾರು ಹಾಕಿಕೊಂಡು ಕುಮಟಾಕ್ಕೆ ಹೋದೆ. ಅಕ್ಕ ಅಂಗನವಾಡಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಅವಳೇ ಕಾಗದದಲ್ಲಿ ಸುತ್ತಿದ ಒಂದು ಕಟ್ಟು ತಂದು ಮುಂದಿಟ್ಟಳು. ಆರು ಚಮಚ, ಹೊಚ್ಚ ಹೊಸವು. ಒಳಗೆ ಚುಕ್ಕಿಗಳಲ್ಲಿ 'ದೇವಮ್ಮ'.

"ಇದನ್ನ ಒಯ್ದು ಸುಮನಾಗೆ ಕೊಡು. ಚೀಲದ ಅಡಿಗೆ ಸಿಕ್ತು, ತಪ್ಪಾತು ಅಂತ ನಾ ಹೇಳಿದೆ ಅನ್ನು" ಎಂದಳು.

"ಅಕ್ಕಾ, ನೀ ಎಂತಕ್ಕೆ..."

"ಕದ್ದವ ನೀನೇ ಅಂತ ನಂಗೆ ಅವತ್ತೇ ಗೊತ್ತಾಗಿತ್ತು ತಮಾ. ಸುಮನಾ ಫೋನ್ ಮಾಡ್ದಾಗ ಹಿಂದಿಂದ 'ನಾ ಹುಡುಕ್ತೆ, ನಾ ಹುಡುಕ್ತೆ' ಅಂತಿದ್ದೆ. ಸಣ್ಣಿದ್ದಾಗಿಂದ ನೀ ಹುಡುಕೂಕೆ ಮುಂದೆ ಬಂದ್ರೆ ಕದ್ದವ ನೀನೇ. ನಿನ್ನ ಸಂಸಾರದಲ್ಲಿ ಜಗಳ ಎಂತಕ್ಕೆ ಅಂತ ನಾನೇ ಒಪ್ಕಂಡೆ. ಅಂಗಡಿಯವ, 'ದೇವಮ್ಮ ನಿಮ್ಗೆ ಎಂತ ಆಗ್ಬೇಕು' ಅಂತ ಕೇಳ್ದ. ಎಂತ ಹೇಳೂದು?"

ಅಲ್ಲಿಯೇ, ಅವಳ ಎದುರಿಗೇ, ಸುಮನಾಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಗರಗಸ, ಬಕೆಟ್ಟು, ಚೆನ್ನೈ, ಸಂಚಿ, ಒಂದನ್ನೂ ಬಿಡಲಿಲ್ಲ. ಸುಮನಾ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ಫೋನು ಅಕ್ಕನ ಕೈಗೆ ಕೊಡಿ" ಎಂದಳು. ಇಬ್ಬರೂ ಮೊದಲು ಸ್ವಲ್ಪ ಅತ್ತರು, ಆಮೇಲೆ ಮುಕ್ಕಾಲು ತಾಸು ನಕ್ಕರು. ನಗುವಿನ ವಿಷಯ ನಾನೇ ಆಗಿದ್ದರಿಂದ ಹೊರಗೆ ಜಗಲಿಯ ಮೇಲೆ ಕೂತಿದ್ದೆ.

ಇಷ್ಟಾದರೂ ತೆಂಗಿನಗುಂಡಿಯಲ್ಲಿ ಆ ಕಾಗಳಸಿ ಬಿದ್ದದ್ದು ಶೆಟ್ಲಿಗೇ. ಅತ್ತೆ ಆ ಮಾತಿನಿಂದ ಒಂದು ಇಂಚೂ ಹಿಂದೆ ಸರಿದಿಲ್ಲ, ಎದುರು ಹೇಳುವ ಧೈರ್ಯ ನನಗಿಲ್ಲ. ಹೆಸರು ಹೊಡೆಸಿದ ಚಮಚ ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲವಾದ್ದರಿಂದ ಹೊಸ ಆರೂ ನಮ್ಮ ಮನೆಗೇ ಬಂದವು. ಈಗ ಅವನ್ನು ನಿತ್ಯ ಬಳಕೆಗೇ ಇಟ್ಟಿದ್ದೇವೆ. ಇವತ್ತು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ ಒಂದನ್ನು ತಿರುಗಿಸಿ ನೋಡಿದೆ. ಹಳೆಯದಕ್ಕಿಂತ ತೆಳು, ಬೆನ್ನಿನ ಬಾಗೂ ಚೆನ್ನಾಗಿದೆ, ನೀರಿನಲ್ಲಿ ಇನ್ನೂ ಚೆಂದ ಓಲಾಡೀತು. ತಲೆ ಎತ್ತಿದರೆ ಸುಮನಾ ನನ್ನನ್ನೇ ನೋಡುತ್ತಿದ್ದಾಳೆ. ನಾನು ಆ ಚಮಚವನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು, ಉಳಿದ ಉಪ್ಪಿಟ್ಟನ್ನು ಕೈಯಲ್ಲೇ ತಿಂದು ಎದ್ದೆ.