ಭಾವನ ಬಲಗಿವಿ

ಏಪ್ರಿಲ್ ಇಪ್ಪತ್ತು, ಸೋಮವಾರ. ಬೆಳಿಗ್ಗೆಯಿಂದಲೇ ಉರಿಬಿಸಿಲು, ಮಧ್ಯಾಹ್ನ ಮೋಡ ಕಟ್ಟಿತು, ಮಳೆ ಬರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವನು. ದೇಹದ ಬಗ್ಗೆ ಊರಿನ ಮಕ್ಕಳೆಲ್ಲ ನನ್ನನ್ನು ಕೇಳುತ್ತಾರೆ. ಮನೆಯವರು ಮಾತ್ರ ಬೇರೆ ಯಾರನ್ನಾದರೂ ಕೇಳುತ್ತಾರೆ. ಇದು ಮೊದಲ ಸಲವಲ್ಲ, ಕೊನೆಯದೂ ಆಗಲಾರದು.

ಎಣ್ಣೆ

ದಟ್ಟಗಳ್ಳಿಯಲ್ಲಿರುವ ನನ್ನ ಹೆಂಡತಿಯ ಅಣ್ಣ ಅಂದು ಹಾಸಿಗೆಯಿಂದ ಎದ್ದವರೇ ಗೋಡೆ ಹಿಡಿದುಕೊಂಡರು. ಮನೆ ಗಿರ್ರನೆ ತಿರುಗುತ್ತಿತ್ತಂತೆ. ಬರುವ ಭಾನುವಾರ ಮಗಳ ಮದುವೆ. ಧಾರೆ ಎರೆಯುವಾಗ ಇವರು ಬಿದ್ದರೆ ಆ ಜಾಗಕ್ಕೆ ಇವರ ತಮ್ಮ ಬರುತ್ತಾರೆ. ಅಣ್ಣತಮ್ಮಂದಿರು ಅಷ್ಟಕ್ಕಷ್ಟೆ.

"ಬೇಕಾದ್ರೆ ನನ್ನ ಕಂಬಕ್ಕೆ ಕಟ್ಟಿಹಾಕಿ. ಅವನ ಕೈಗೆ ಮಾತ್ರ ಗಿಂಡಿ ಹೋಗಕೂಡದು" ಎಂದರು ಭಾವ.

"ಭಾವ, ದೇಹದ ಸಮತೋಲ ಕಾಯೋದು ಒಳಕಿವಿ. ಕಿವಿ ಡಾಕ್ಟರಿಗೆ ತೋರಿಸೋಣ."

"ಸುತ್ತುತಾ ಇರೋದು ತಲೆ ಕಣ್ರೀ ಮೇಷ್ಟ್ರೇ! ಇದು ಉಷ್ಣ."

ಮೈಗೆಲ್ಲ ಹರಳೆಣ್ಣೆ ಬಳಿದುಕೊಂಡರು. ಜಿಡ್ಡು ಕಾಣಬಾರದೆಂದು ಅದರ ಮೇಲೆ ಪೌಡರು. ಚರ್ಮದ ಮೇಲೆ ಬೆವರು ಆರಿದರೇ ಮೈ ತಣಿಯುವುದು, ಅದಕ್ಕೆ ದಾರಿ ಬಿಡಿ ಎಂದು ಬೇಡಿಕೊಂಡೆ. ಸಂಜೆಗೆ ಬೆನ್ನ ತುಂಬ ಬೆವರುಸಾಲೆ.

"ಈಗ ಎಷ್ಟೋ ವಾಸಿ" ಎಂದರು, ಬಾಗಿಲ ಚೌಕಟ್ಟಿಗೆ ಬೆನ್ನುಜ್ಜುತ್ತ. "ಕೆರಕೊಳ್ಳೋ ಗಲಾಟೇಲಿ ತಲೆಸುತ್ತು ನೆನಪಿಗೇ ಬರಲ್ಲ."

ತಾಲೀಮು

ಮರುದಿನ ನಡುಮನೆಯಲ್ಲಿ ಧಾರೆಯ ತಾಲೀಮು. ಮದುಮಗನ ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ಭಾವ ಭಕ್ತಿಯಿಂದ ಕಣ್ಣು ಮುಚ್ಚಿದ್ದೇ ತಡ, ಗೊನೆ ಬಿಟ್ಟ ಬಾಳೆಗಿಡದ ಹಾಗೆ ವಾಲಿದರು.

"ಕಣ್ಣು ಬಿಡಿ. ಸಮತೋಲಕ್ಕೆ ಕಣ್ಣೂ ಬೇಕು. ಯಾವುದಾದರೂ ಒಂದನ್ನೇ ನೋಡ್ತಾ ನಿಲ್ಲಿ" ಎಂದೆ.

ಇಡೀ ನಡುಮನೆಯಲ್ಲಿ ಅವರು ಆರಿಸಿಕೊಂಡದ್ದು ತಿರುಗುತ್ತಿದ್ದ ಫ್ಯಾನನ್ನು. ಗಿಂಡಿಯ ನೀರು ಪೂರ್ತಿ ನನ್ನ ಮೇಲೆ.

ಅವರ ಹೆಂಡತಿ ಟವೆಲ್ ತಂದುಕೊಟ್ಟರು. "ಸರಿ, ಕನ್ಯಾದಾನ ಮೇಷ್ಟ್ರ ಪ್ಯಾಂಟಿಗೆ ಆಯ್ತು."

ಕಿವಿ

ಗುರುವಾರ ನನ್ನ ಹೆಂಡತಿ ಗದರಿದ ಮೇಲೆ ಭಾವ ನನ್ನ ಜೊತೆ ಸಿದ್ಧಾರ್ಥನಗರದ ಕಿವಿ ಡಾಕ್ಟರ ಹತ್ತಿರ ಬಂದರು. ಆಕೆ ಅವರ ತಲೆಯನ್ನು ಬಲಕ್ಕೆ ತಿರುಗಿಸಿ, ಮಲಗಿಸಿ, ಎಡಕ್ಕೆ ಹೊರಳಿಸಿ, ಎಬ್ಬಿಸಿ ಕೂರಿಸಿದರು.

"ಬಲಗಿವಿಯೊಳಗೆ ಮರಳಿನಂಥ ಕಣಗಳು ಜಾಗ ತಪ್ಪಿದ್ದವು. ಸರಿಹೋಯ್ತು."

ಭಾವ ಎದ್ದು ನಿಂತರು. ಗೋಡೆಗಳೂ ನಿಂತಿದ್ದವು. ಫೀಸು ಕೇಳಿದ ಮೇಲೆ ಮತ್ತೆ ಕುರ್ಚಿ ಹಿಡಿದುಕೊಂಡರು.

"ಇಷ್ಟಕ್ಕಾ ಮೇಡಂ? ಬನ್ನಿಮಂಟಪದಲ್ಲಿ ನಮ್ಮ ಕಟಿಂಗ್ ಶಾಪಿನವನು ಇದಕ್ಕಿಂತ ಜೋರಾಗಿ ಕತ್ತು ತಿರುಗಿಸ್ತಾನೆ. ಜೊತೆಗೆ ಕಟಿಂಗೂ ಮಾಡ್ತಾನೆ!"

ನಾನು ಗೋಡೆಯ ಮೇಲಿದ್ದ ಕಿವಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಭಾವ ಏನೋ ಲೆಕ್ಕ ಹಾಕಿ, ಕೊಟ್ಟು, ಹೊರನಡೆದರು. ಡಾಕ್ಟರು ನನ್ನ ಮುಖ ನೋಡಿದರು. ಮಿಕ್ಕಿದ್ದನ್ನು ನಾನು ಕೊಟ್ಟು ಬಂದೆ.

ಭಾನುವಾರ ಭಾವನ ತಮ್ಮ ಮಡಿಪಂಚೆ ಉಟ್ಟು ಮಂಟಪದ ಪಕ್ಕದಲ್ಲೇ ಸಿದ್ಧವಾಗಿ ನಿಂತಿದ್ದರು. ಭಾವ ಒಂದಿಷ್ಟೂ ಅಲುಗದೆ ಧಾರೆ ಎರೆದರು.

ಊಟದ ಪಂಕ್ತಿಯಲ್ಲಿ ತಮ್ಮನೇ ಕೇಳಿದರು: "ಅಂತೂ ವಾಸಿಯಾಯ್ತಲ್ಲಣ್ಣ. ಡಾಕ್ಟ್ರಿಗೆ ಎಷ್ಟು ಕೊಟ್ಟೆ?"

"ಅರ್ಧ ಫೀಸು ಕಣೋ" ಎಂದರು ಭಾವ, ಪಾಯಸ ಕಲಸುತ್ತ. "ಕೆಟ್ಟಿದ್ದು ಒಂದೇ ಕಿವಿ ತಾನೇ?"