ಅತ್ತಿಯ ಕಥೆಗೆ ಟೆಸ್ಟಿಂಗ್

ಬರೆಯಬೇಕೆಂದು ಆಸೆಪಡುವವರಲ್ಲಿ ಎರಡು ಬಗೆ. ಬರೆದು ಮುಗಿಸುವವರು, ಬರೆಯುವುದಕ್ಕೆ ಗುರಿ ಹಾಕಿಕೊಳ್ಳುವವರು. ನಾನು ಎರಡನೆಯ ಬಗೆಯವಳು, ಗುರಿ ಹಾಕಿಕೊಳ್ಳುವುದರಲ್ಲಂತೂ ನನ್ನನ್ನು ಮೀರಿಸುವವರಿಲ್ಲ. ದಿನಕ್ಕೊಂದು ಪುಟ ಎಂದು ಶುರು ಮಾಡುತ್ತೇನೆ, ಅದು ಅರ್ಧ ಪುಟಕ್ಕಿಳಿಯುತ್ತದೆ, ಆಮೇಲೆ ದಿನವೂ ಕುರ್ಚಿಯಲ್ಲಿ ಕೂತರೆ ಸಾಕು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆ ಕೊನೆಯದನ್ನು ಮಾತ್ರ ನಾನು ತಪ್ಪದೆ ಸಾಧಿಸಿದ್ದೇನೆ.

ಇದಕ್ಕೆ ಕಾರಣ ಸೋಮಾರಿತನವಲ್ಲ, ನನ್ನ ಉದ್ಯೋಗ. ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಗಾಜಿನ ಕಟ್ಟಡ ಏಳುತ್ತಿದ್ದ ಕಾಲದಲ್ಲಿ ಅಂಥದ್ದೊಂದರೊಳಗೆ ನನಗೆ ಟೆಸ್ಟಿಂಗ್ ಕೆಲಸ ಸಿಕ್ಕಿತು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು, ಸಿಕ್ಕಿದ್ದನ್ನು ಬರೆದವರಿಗೇ ವಾಪಸು ಕಳಿಸುವುದು, ಅವರು ತಿದ್ದಿ ತಂದರೆ ಮತ್ತೆ ಹುಡುಕುವುದು. ಸಂಜೆವರೆಗೆ ಇದನ್ನೇ ಮಾಡಿ ಮನೆಗೆ ಬಂದವಳು ತನ್ನ ವಾಕ್ಯವನ್ನು ಸುಮ್ಮನೆ ಬಿಟ್ಟಾಳೆಯೇ? ಮೊದಲ ವಾಕ್ಯ ಪಾಸಾಗದೆ ನಾನು ಎರಡನೆಯದಕ್ಕೆ ಹೋಗುವುದಿಲ್ಲ. ಮೊದಲನೆಯದು ಪಾಸಾಗುವುದಿಲ್ಲ.

ಬರೆಯಬೇಕೆಂದಿದ್ದುದು ನನ್ನ ಸೋದರತ್ತೆಯ ಕಥೆ. ಅಪ್ಪನ ಅಕ್ಕ, ನಮ್ಮ ಕಡೆಯ ರೂಢಿಯಂತೆ ನನಗೆ ಅತ್ತಿ. ಬೀದರ್ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಬೇಗ ತೀರಿಕೊಂಡ ಮೇಲೆ ಶಾವಿಗೆ, ಹಪ್ಪಳ ಮಾಡಿ ಬೇಗಂ ಬಜಾರಿನ ಅಂಗಡಿಗಳಿಗೆ ಹಾಕಿ ಬದುಕಿದವಳು. ನನಗೆ ಕೆಲಸ ಸಿಕ್ಕಾಗ, "ಹಾಸ್ಟೆಲ್‌ನ್ಯಾಗ ಏನು ತಿಂತಿ?" ಎಂದು ಗದರಿ ತನ್ನ ಮನೆಗೇ ಎಳೆದುಕೊಂಡು ಬಂದಳು. ಹೊರಗೆ ಅವಳದು ತೆಲುಗು, ಹಿಂದಿ. ಮನೆಯೊಳಗೆ ನನ್ನನ್ನು ಬೈಯುವುದಕ್ಕೆ ಅಪ್ಪಟ ಕನ್ನಡ.

ಹೀಗಿರುವಾಗ ಡಾಕ್ಟರು ಅತ್ತಿಯ ಹೃದಯಕ್ಕೆ ಆಪರೇಷನ್ ಆಗಲೇಬೇಕೆಂದರು. ಒಂದು ಸಂಜೆ ಅಕ್ಕಿ ಆರಿಸುತ್ತ, "ಶೈಲಾ, ನನ್ನ ಕಥಿ ಬರೀತೀನಿ ಅಂತಿದ್ದೆಲ್ಲಾ. ಆಪರೇಷನ್‌ಗೆ ಒಳಗ ಹೋಗೂದರಾಗ ಒಂದೀಟು ಓದಿ ಹೇಳು. ಆಮ್ಯಾಲ ಹ್ಯಾಂಗೋ ಏನೋ" ಎಂದಳು. ನನ್ನ ಗುರಿಗೆ ಮೊದಲ ಬಾರಿ ಬೇರೆಯವರು ಗಡುವು ಹಾಕಿದ್ದರು, ಅದನ್ನು ಮುಂದೂಡುವಂತಿರಲಿಲ್ಲ.

ಆಗಲೂ ನಾನು ಮಾಡಿದ್ದು ಟೆಸ್ಟಿಂಗ್. ಅವಳು ಮೊದಲ ಸಲ ಹಪ್ಪಳದ ಬುಟ್ಟಿ ಹೊತ್ತು ಬೇಗಂ ಬಜಾರಿಗೆ ಹೋದ ದಿನದ ಬಗ್ಗೆ ಕೇಳಿದೆ. ಸೇಠ್ ಬೇಡವೆಂದನಂತೆ, ಇವಳು ಅಂಗಡಿಯ ಮೆಟ್ಟಿಲ ಮೇಲೆ ಕೂತೇಬಿಟ್ಟಳಂತೆ, ಕೊನೆಗೆ ಅವನೇ ಚಹಾ ತರಿಸಿ ಮಾಲು ತೆಗೆದುಕೊಂಡನಂತೆ. ಖಾತ್ರಿ ಮಾಡಿಕೊಳ್ಳಲು ಮರುದಿನ ಮತ್ತೆ ಕೇಳಿದರೆ ಚಹಾ ಮಾಯವಾಗಿ ಆ ಜಾಗದಲ್ಲಿ ಬೈಗುಳ ಬಂದಿತ್ತು.

"ಅತ್ತಿ, ಅಂವ ಚಹಾ ಕೊಟ್ನೋ, ಬೈದನೋ? ಎರಡರಾಗ ಒಂದು ಹೇಳು."

"ಎರಡೂ ಮಾಡಿದ."

"ಮೊದಲು ಯಾವುದು?"

"ಯವ್ವಾ ತಾಯಿ, ನಿನಗ ಕಥಿ ಬೇಕೋ, ಪಂಚನಾಮೆ ಬೇಕೋ? ನೀ ಕೇಳೂದು ನೋಡಿದ್ರ ನನ್ನ ಮ್ಯಾಲ ಪೊಲೀಸ್ ಕೇಸ್ ಆದಂಗ ಐತಿ."

ನಾನು ಪಟ್ಟು ಬಿಡಲಿಲ್ಲ. ಮೆಟ್ಟಿಲು ಕಲ್ಲಿನದೋ ಸಿಮೆಂಟಿನದೋ ತಿಳಿಯದೆ ಅವಳನ್ನು ಅದರ ಮೇಲೆ ಕೂರಿಸುವುದು ಹೇಗೆ? ಆಫೀಸಿಗೆ ರಜೆ ಹಾಕಿ ಬೇಗಂ ಬಜಾರಿಗೇ ಹೋದೆ. ಮೂಟೆ ಹೊತ್ತವರ ನಡುವೆ ಎಷ್ಟು ಅಲೆದರೂ ಆ ಅಂಗಡಿ ಸಿಗಲಿಲ್ಲ. ಬರಿಗೈಯಲ್ಲಿ ಬರಬಾರದೆಂದು ಜೀರಿಗೆ ಕೊಂಡು ತಂದೆ. ಅತ್ತಿ ಮೂಸಿ ನೋಡಿ, "ಹಳೇ ಮಾಲು" ಎಂದಳು. ಇಷ್ಟೆಲ್ಲ ಆಗಿ ನನ್ನ ಪುಸ್ತಕ ಒಂದೂವರೆ ಪುಟದಲ್ಲಿ ನಿಂತಿತ್ತು.

ಆಪರೇಷನ್ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅದನ್ನೇ ಓದಿದೆ. ಅತ್ತಿ ಮೆಟ್ಟಿಲ ಮೇಲೆ ಕೂತಲ್ಲಿಗೆ ಬರೆದದ್ದು ಮುಗಿಯಿತು.

"ಮುಂದ?" ಎಂದಳು.

"ಮುಂದ ಬರದಿಲ್ಲ, ಅತ್ತಿ."

ಗಾಲಿಮಂಚ ತಳ್ಳುವವರು ಬಂದು ಕರೆದುಕೊಂಡು ಹೊರಟಾಗ ಅವಳು ತಲೆ ಹೊರಳಿಸಿ, "ಅಷ್ಟೊತ್ತು ಮೆಟ್ಟಲ ಮ್ಯಾಲ ಕೂಡಿಸಬ್ಯಾಡ ನನ್ನ. ಅಲ್ಲಿ ಭಾಳ ಬಿಸಲು" ಎಂದಳು.

ಬಾಗಿಲು ಮುಚ್ಚಿತು. ನಾನು ಹೊರಗಿನ ಬೆಂಚಿನ ಮೇಲೆ ಕೂತು ಬರೆಯತೊಡಗಿದೆ. ಸರಿಯೋ ತಪ್ಪೋ ನೋಡಲಿಲ್ಲ. ಅವಳನ್ನು ಮೆಟ್ಟಿಲಿನಿಂದ ಎಬ್ಬಿಸಿದೆ, ಚಹಾ ಕುಡಿಸಿದೆ, ಮಾಲು ಮಾರಿಸಿದೆ, ಬಸ್ಸಿನಲ್ಲಿ ಸೀಟು ಕೊಡಿಸಿ ಮನೆಗೆ ಕರೆತಂದೆ. ಪೆನ್ನು ನಿಲ್ಲಿಸಿದರೆ ಒಳಗೆ ಏನಾದರೂ ಆಗಿಬಿಡುತ್ತದೆಂಬ ಭಯ. ಅಷ್ಟು ಬೇಗ, ಅಷ್ಟು ಅಳುತ್ತ ನಾನು ಎಂದೂ ಬರೆದವಳಲ್ಲ.

ಆಪರೇಷನ್ ಸುಸೂತ್ರವಾಗಿ ಆಯಿತು. ಅತ್ತಿ ದಿಂಬಿಗೆ ಒರಗಿ ಕೂರುವಷ್ಟಾದ ಮೇಲೆ ಬರೆದದ್ದನ್ನೆಲ್ಲ ಓದಿ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ನಾನು ಒಳಗೊಳಗೇ ಉಬ್ಬಿದೆ.

"ಚಂದ ಬರದೀ" ಎಂದಳು. "ಖರೇ ಹೇಳು, ನಾ ಸತ್ತೆ ಅಂತ ತಿಳಕೊಂಡು ಬರದೀ ಹೌದಿಲ್ಲೋ? ಇದ್ರಾಗ ನಾ ಒಬ್ಬರ ಜೋಡಿನೂ ಜಗಳಾ ಆಡಿಲ್ಲ."

ಬೇರೆಯವರ ತಪ್ಪು ಹಿಡಿದು ಸಂಬಳ ಎಣಿಸುವವಳ ಕಣ್ಣಿಗೆ ಇದು ಬಿದ್ದಿರಲಿಲ್ಲ. ಹೆದರಿಕೆಯಲ್ಲಿ ಅವಳ ಸಿಟ್ಟನ್ನೆಲ್ಲ ತೊಳೆದು, ಗೋಡೆಗೆ ಹಾಕುವ ಫೋಟೊ ಮಾಡಿಟ್ಟಿದ್ದೆ. ಈಗ ಅವಳ ಜಗಳಗಳನ್ನು ಒಂದೊಂದಾಗಿ ಪುಸ್ತಕಕ್ಕೆ ಸೇರಿಸುತ್ತಿದ್ದೇನೆ. ಕೆಲಸ ಬಹಳ ನಿಧಾನ. ದಿನವೂ ಹೊಸದೊಂದು ಆಗುತ್ತಲೇ ಇರುತ್ತದೆ, ಹೆಚ್ಚಿನವು ನನ್ನ ಜೊತೆಯಲ್ಲೇ.