ನಲವತ್ತನೆಯ ನೇಕಾರ

ಸಂಶೋಧನೆಗೆ ಇಳಿಯುವವರು ಬುದ್ಧಿವಂತರು ಎಂಬ ನಂಬಿಕೆ ಜನರಲ್ಲಿದೆ. ನಾನು ಬಿ.ಎ. ಕೊನೆಯ ವರ್ಷದಲ್ಲಿ ಅದಕ್ಕೆ ಇಳಿದದ್ದು ಉಳಿದ ಮೂವರು ಬುದ್ಧಿವಂತರಾಗಿದ್ದರಿಂದ. ಚಳ್ಳಕೆರೆಯ ನಮ್ಮ ಕಾಲೇಜಿನ ಸಮಾಜಶಾಸ್ತ್ರದ ಮೇಡಂ ಮೊಳಕಾಲ್ಮೂರಿನ ರೇಷ್ಮೆ ನೇಕಾರರ ದಿನಚರಿಯ ಬಗ್ಗೆ ಅಧ್ಯಯನ ಮಾಡಲು ನಾಲ್ವರ ಗುಂಪು ಮಾಡಿದ್ದರು. ನಲವತ್ತು ಮನೆ, ಮನೆಗೊಂದು ಪ್ರಶ್ನಾವಳಿ. ಒಬ್ಬನಿಗೆ ಪೊಲೀಸ್ ಪರೀಕ್ಷೆ ಬಂತು, ಒಬ್ಬಳಿಗೆ ಮದುವೆ ಗೊತ್ತಾಯಿತು, ಮೂರನೆಯವನು ಕಾರಣ ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

ಭಾನುವಾರ ಬಂತೆಂದರೆ ನಾನೊಬ್ಬನೇ ಬಸ್ಸು ಹತ್ತುತ್ತಿದ್ದೆ. ಮಗ್ಗದ ಮುಂದೆ ಕೂತವರು ಕೈ ನಿಲ್ಲಿಸುವುದಿಲ್ಲ. ಪ್ರಶ್ನೆಯನ್ನು ಕೂಗಿ ಕೇಳಬೇಕು. ಉತ್ತರದಲ್ಲಿ ಅರ್ಧ ತೆಲುಗು, ಉಳಿದರ್ಧ ಮಗ್ಗದ ಸದ್ದಿನ ಪಾಲು. ಮನೆಯಲ್ಲಿ ಎಷ್ಟು ಜನ, ಮದುವೆಯಾಗದ ಹೆಣ್ಣುಮಕ್ಕಳೆಷ್ಟು ಎಂದೂ ಕೇಳಬೇಕಿತ್ತು. ಮೂರನೆಯ ವಾರ ಒಬ್ಬ ಯಜಮಾನರು ನನ್ನನ್ನು ಚಾಪೆಯ ಮೇಲೆ ಕೂರಿಸಿ, "ನಿಮ್ಮನೇಲಿ ದೊಡ್ಡೋರು ಯಾರೂ ಇಲ್ವೇನಪ್ಪಾ? ಹೆಣ್ ನೋಡಾಕೆ ಒಬ್ಬನೇ ಬಂದೀಯಲ್ಲ" ಎಂದರು. ವಿಷಯ ತಿಳಿಸಿದೆ. ಅವರಿಗೆ ನಿರಾಸೆಯಾಯಿತು. ನನಗೂ, ಸ್ವಲ್ಪ.

ಮೂವತ್ತೊಂಬತ್ತು ಮನೆ ಮುಗಿದವು. ನಲವತ್ತನೆಯ ಮನೆಗೆ ಬೀಗ ಹಾಕಿತ್ತು. ಪೊಲೀಸ್ ಪರೀಕ್ಷೆಯವನಿಗೆ ಫೋನ್ ಮಾಡಿದರೆ, "ನೀನೇ ಬರ್ದಾಕಲೇ, ಯಾರ್ ನೋಡ್ತಾರೆ" ಎಂದ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನರಸಪ್ಪ ಎಂಬ ನೇಕಾರನನ್ನು ಸೃಷ್ಟಿಸಿದೆ. ವಯಸ್ಸು, ಮಗ್ಗ, ಮಕ್ಕಳು ಎಲ್ಲವೂ ಸಲೀಸಾಗಿ ಬಂದವು. 'ನಿನ್ನೆಯಿಂದ ಯಾರ್ಯಾರ ಜೊತೆ ಮಾತನಾಡಿದಿರಿ?' ಎಂಬಲ್ಲಿ ಪೆನ್ನು ನಿಂತಿತು. ಹೆಂಡತಿ, ಮಕ್ಕಳು ಎಂದು ಬರೆದಿದ್ದರೆ ಮುಗಿಯುತ್ತಿತ್ತು. ನನ್ನದೇ ದಿನದ ಯೋಚನೆಯಲ್ಲಿದ್ದೆನೋ ಏನೋ, 'ಬಸ್ ಕಂಡಕ್ಟರ್' ಎಂದು ಬರೆದೆ.

ಮಾರನೆಯ ದಿನ ಮೇಡಂ ಆ ಹಾಳೆಯನ್ನೇ ಹೊರಗೆಳೆದರು. "ಈ ನರಸಪ್ಪನೋರು ಹೆಂಡ್ತಿ ಜೊತೆ ಮಾತಾಡಲ್ಲ, ಮಕ್ಕಳ ಜೊತೆ ಮಾತಾಡಲ್ಲ, ಕಂಡಕ್ಟರ್ ಜೊತೆ ಮಾತ್ರ ಮಾತಾಡ್ತಾರೆ. ಇವರ ಮಗ್ಗ ಬಸ್ಸಲ್ಲಿ ಐತೇನಪ್ಪಾ?"

ಬೀಗದ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಖಾಲಿ ಪ್ರಶ್ನಾವಳಿಯೊಂದನ್ನು ಕೈಗಿತ್ತು, "ಮತ್ತೆ ಹೋಗಿ ಬಾ" ಎಂದರು.

ಮುಂದಿನ ಭಾನುವಾರ ಬೀಗ ಹಾಕಿದ್ದ ಮನೆಯ ಬಾಗಿಲು ತೆರೆದಿತ್ತು. ಒಳಗೆ ಲಕ್ಷ್ಮವ್ವ ಎಂಬ ವಯಸ್ಸಾದ ಹೆಂಗಸು ಒಬ್ಬರೇ ಕೂತು ರೇಷ್ಮೆ ಎಳೆ ಸುತ್ತುತ್ತಿದ್ದರು. ನಾನು ಪೆನ್ನು ತೆಗೆಯುವಷ್ಟರಲ್ಲಿ, "ಯಾವೂರಪ್ಪಾ ನಿಂದು?" ಎಂದರು. ನನ್ನಿವಾಳ, ಈಗ ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದೇನೆ ಎಂದೆ. "ಅವ್ವ ಏನ್ ಮಾಡ್ತಾಳೆ? ಊರಿಗೆ ಹೋಗಿ ಎಷ್ಟು ದಿನ ಆತು? ಉಂಡಿಯಾ?"

ಅಷ್ಟೂ ಮನೆಗಳಲ್ಲಿ ನನ್ನನ್ನು ಹೀಗೆ ಯಾರೂ ಕೇಳಿರಲಿಲ್ಲ. ಅವರು ಕೊಟ್ಟ ಮಂಡಕ್ಕಿ ತಿನ್ನುತ್ತಾ ಅವ್ವನ ವಿಷಯ ಹೇಳಿದೆ, ಕೈಬಿಟ್ಟ ಮೂವರ ವಿಷಯ ಹೇಳಿದೆ. ನರಸಪ್ಪನ ಕಥೆಯನ್ನೂ ಹೇಳಿದೆ. ಲಕ್ಷ್ಮವ್ವ ನಕ್ಕ ನಗುವಿಗೆ ಎಳೆ ತುಂಡಾಯಿತು. ಅದನ್ನು ಬೆರಳಿನಲ್ಲಿ ಹೊಸೆದು ಸೇರಿಸುತ್ತಾ, "ಹೂಂ, ಆಮೇಲೆ?" ಎಂದರು. ಆಮೇಲೆಯೂ ಹೇಳಿದೆ. ಬಸ್ಸಿನಲ್ಲಿ ಹಾಳೆ ಬಿಡಿಸಿ ನೋಡಿದರೆ ಅವರ ಹೆಸರು ಬಿಟ್ಟು ಒಂದಕ್ಷರವೂ ಇರಲಿಲ್ಲ. ತುಂಬಿಸಲು ಈ ಸಲ ಧೈರ್ಯವಾಗಲಿಲ್ಲ.

ಮೌಖಿಕ ಪರೀಕ್ಷೆಗೆ ಬೇರೆ ಊರಿನಿಂದ ಬಂದಿದ್ದ ಮೇಷ್ಟ್ರು ಆ ಖಾಲಿ ಹಾಳೆ ಹಿಡಿದು, "ಈಕೆ ಮಾತಾಡಲು ಒಪ್ಪಲಿಲ್ಲವೇ?" ಎಂದು ಕೇಳಿದರು.

"ಅವರು ಒಪ್ಪಿದ್ದರು ಸಾರ್," ಎಂದೆ. "ನಾನೇ ಮಾತಾಡಲು ಬಿಡಲಿಲ್ಲ."